ಥಂಡಿಗೆ ಗಾಡಿ ಚಾಲೂ ಆಗುತ್ತಿಲ್ಲವೇ? ಬ್ಯಾಟರಿ ಸೋತದ್ದು ಬೇಸಿಗೆಯಲ್ಲಿ

ಡಿಸೆಂಬರ್ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಬೈಕ್ ಗ್ಯಾರೇಜುಗಳಲ್ಲಿ ಮುಂಜಾನೆ ಕೇಳುವ ದೂರು ಹೆಚ್ಚು ಕಡಿಮೆ ಒಂದೇ: “ರಾತ್ರಿ ಚೊಲೋ ಇತ್ತರೀ, ಮುಂಜಾನೆ ಸೆಲ್ಫ್ ಹೊಡೆದ್ರ ಟಕ್ ಟಕ್ ಅಂತೈತಿ, ಚಾಲೂನ ಆಗವಲ್ದು.” ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೊರಟವರು, ಸಕ್ಕರೆ ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುವವರು, ಡೇರಿಗೆ ಹಾಲಿನ ಕ್ಯಾನ್ ಮುಟ್ಟಿಸಬೇಕಾದವರು ಎಲ್ಲರೂ ಈ ಸಾಲಿನಲ್ಲಿ ಸಿಗುತ್ತಾರೆ.

ಅದೇ ಹೊತ್ತಿಗೆ ವಾಟ್ಸ್‌ಆ್ಯಪ್ ಗ್ರೂಪುಗಳಿಗೂ ಚಳಿಗಾಲ ಬರುತ್ತದೆ. ‘ಥಂಡಿಗೆ ಬ್ಯಾಟರಿ ಸಾಯುತ್ತದೆ’, ‘ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಡಬೇಡಿ’, ‘ತಲೆನೋವಿನ ಗುಳಿಗೆ ಹಾಕಿ, ಸತ್ತ ಬ್ಯಾಟರಿ ಎದ್ದು ಕೂರುತ್ತದೆ’, ‘ದಿನಾ ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿಡಿ’. ಮೇಲೆ ಎರಡು ಬಾಣದ ಗುರುತು, ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಸಾಲು. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಇನ್ನು ಕೆಲವು ನಿಜವೇ, ಆದರೆ ಹಿಮ ಬೀಳುವ ದೇಶಗಳಿಗೆ. ಮೂರನೆಯ ಬಗೆಯೇ ಹೆಚ್ಚು ದಾರಿ ತಪ್ಪಿಸುತ್ತದೆ, ಏಕೆಂದರೆ ಅದನ್ನು ಹುಡುಕಿ ನೋಡಿದರೆ ಇಂಟರ್ನೆಟ್ಟಿನಲ್ಲಿ ಪುರಾವೆಯೂ ಸಿಗುತ್ತದೆ.

ಹೊಸ ಬ್ಯಾಟರಿಗೆ ಸಾವಿರ ರೂಪಾಯಿಗೂ ಮೇಲೆ ಬೇಕು. ಮಗ್ಗದ ಕೂಲಿಯವರಿಗೆ, ಕಬ್ಬು ಕಡಿಯುವವರಿಗೆ ಅದು ಕೆಲವು ದಿನಗಳ ದುಡಿಮೆ. ಅದರ ಮೇಲೆ, ತಪ್ಪು ಸಲಹೆಗಳಲ್ಲಿ ಒಂದೆರಡು ಕಣ್ಣಿಗೆ ಆ್ಯಸಿಡ್ ಸಿಡಿಸುವಂಥವು. ಆದ್ದರಿಂದ ಒಂದೊಂದಾಗಿ ನೋಡೋಣ.

ಥಂಡಿ ಎಷ್ಟು ಕಸಿಯುತ್ತದೆ?

ಬೈಕಿನಲ್ಲಿರುವುದು ಸಾಮಾನ್ಯವಾಗಿ ಸೀಸ-ಆಮ್ಲದ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ವಿನ್ಯಾಸದ ಮೊಮ್ಮಗ ಅದು. ಒಳಗೆ ಆರು ಕೋಣೆ, ಪ್ರತಿ ಕೋಣೆಯಿಂದ ಸುಮಾರು 2.1 ವೋಲ್ಟ್, ಒಟ್ಟು 12.6ರ ಆಸುಪಾಸು. ಒಂದು ಕಡೆ ಸೀಸ, ಇನ್ನೊಂದು ಕಡೆ ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ. ಕರೆಂಟ್ ಹೊರಗೆ ಹರಿಯುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಆಗುವಾಗ ಅದು ಕರಗಿ ಹಿಂದಕ್ಕೆ ಹೋಗುತ್ತದೆ. ಇದೊಂದು ರಾಸಾಯನಿಕ ಕ್ರಿಯೆ, ಮತ್ತು ಎಲ್ಲ ರಾಸಾಯನಿಕ ಕ್ರಿಯೆಗಳಂತೆ ತಂಪಾದಾಗ ನಿಧಾನವಾಗುತ್ತದೆ.

ಎಷ್ಟು ನಿಧಾನ? ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿಯ ಶಕ್ತಿ ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋದರೆ ಹೆಚ್ಚು ಕಡಿಮೆ ಅರ್ಧ. ಕೆನಡಾದಲ್ಲೋ ಲಡಾಖಿನಲ್ಲೋ ಇರುವವರಿಗೆ ಇದು ದೊಡ್ಡ ಸಂಗತಿಯೇ. ಖಾಲಿಯಾದ ಬ್ಯಾಟರಿಯ ಒಳಗಿನ ದ್ರವ ಅಲ್ಲಿ ಹೆಪ್ಪುಗಟ್ಟಿ ಡಬ್ಬಿಯೇ ಒಡೆಯಬಹುದು.

ನಮ್ಮಲ್ಲಿ? ಡಿಸೆಂಬರ್-ಜನವರಿಯ ಬೆಳಗಿನ ಜಾವ ಕೃಷ್ಣಾ, ಘಟಪ್ರಭಾ ದಂಡೆಯ ಈ ಊರುಗಳಲ್ಲಿ ಉಷ್ಣತೆ 10-12 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಸ್ವಲ್ಪ ಕೆಳಗೆ. ಆ ಥಂಡಿಗೆ ಗಟ್ಟಿಮುಟ್ಟಾದ ಬ್ಯಾಟರಿ ಕಳೆದುಕೊಳ್ಳುವುದು ಸುಮಾರು ಹತ್ತನೇ ಒಂದು ಭಾಗ. ಅಷ್ಟಕ್ಕೇ ಗಾಡಿ ನಿಲ್ಲಬಾರದು. ನಿಲ್ಲುತ್ತಿದೆ ಎಂದರೆ ಬ್ಯಾಟರಿ ಅದಕ್ಕೂ ಮೊದಲೇ ಸೋತಿತ್ತು.

ಥಂಡಿಯಲ್ಲಿ ಇನ್ನೊಂದು ಹೊರೆ ಸೇರುತ್ತದೆ: ಎಂಜಿನ್ ಆಯಿಲ್ ಗಟ್ಟಿಯಾಗುವುದು. ಡಬ್ಬಿಯ ಮೇಲೆ 10ಡಬ್ಲ್ಯು-30, 20ಡಬ್ಲ್ಯು-50 ಎಂದು ಬರೆದಿರುತ್ತದಲ್ಲ, ಅದರಲ್ಲಿ ‘ಡಬ್ಲ್ಯು’ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಿದ್ದಷ್ಟೂ ಆಯಿಲ್ ಥಂಡಿಯಲ್ಲಿ ಸಲೀಸಾಗಿ ಹರಿಯುತ್ತದೆ. 10ಡಬ್ಲ್ಯು-30 ಹಾಕಬೇಕಾದ ಗಾಡಿಗೆ ‘ಗಟ್ಟಿ ಆಯಿಲ್ ಎಂಜಿನ್‌ಗೆ ಒಳ್ಳೆಯದು’ ಎಂದು 20ಡಬ್ಲ್ಯು-50 ಸುರಿದರೆ, ಮುಂಜಾನೆ ಸೆಲ್ಫ್ ಮೋಟರ್ ಆ ದಪ್ಪ ಎಣ್ಣೆಯನ್ನೂ ತಳ್ಳಬೇಕು. ಯಾವ ಆಯಿಲ್ ಎಂಬುದನ್ನು ಗಾಡಿಯ ಜತೆ ಬಂದ ಪುಸ್ತಕವೇ ಹೇಳುತ್ತದೆ. ಬಹಳ ಮನೆಗಳಲ್ಲಿ ಅದು ಆರ್‌ಸಿ ಕವರಿನ ಜತೆ ಕಪಾಟಿನಲ್ಲಿ ಮಲಗಿರುತ್ತದೆ.

ಆ ‘ಟಕ್ ಟಕ್’ ಸದ್ದಿಗೂ ಕಾರಣವಿದೆ. ಬಟನ್ ಒತ್ತಿದಾಗ ಮೊದಲು ಒಂದು ರಿಲೇ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಬೇಕಾಗುವ ಕರೆಂಟ್ ಸ್ವಲ್ಪವೇ. ರಿಲೇ ಮುಚ್ಚಿದ ಕ್ಷಣ ಸೆಲ್ಫ್ ಮೋಟರ್ ಹತ್ತಾರು ಆಂಪಿಯರ್ ಎಳೆಯುತ್ತದೆ. ಸೋತ ಬ್ಯಾಟರಿಯ ವೋಲ್ಟೇಜ್ ಆ ಎಳೆತಕ್ಕೆ ಕುಸಿದುಬೀಳುತ್ತದೆ, ರಿಲೇ ಬಿಟ್ಟುಕೊಳ್ಳುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಮೇಲೇಳುತ್ತದೆ, ರಿಲೇ ಮತ್ತೆ ಮುಚ್ಚುತ್ತದೆ. ಹಾರ್ನ್ ಬಾರಿಸುತ್ತದೆ, ಇಂಡಿಕೇಟರ್ ಮಿನುಗುತ್ತದೆ, ಗಾಡಿ ಮಾತ್ರ ತಿರುಗುವುದಿಲ್ಲ. ‘ಹಾರ್ನ್ ಬರ್ತೈತಲ್ಲ, ಬ್ಯಾಟರಿ ಸರಿ ಐತಿ’ ಎಂಬ ವಾದ ಇಲ್ಲಿ ಸೋಲುತ್ತದೆ: ಹಾರ್ನ್‌ಗೆ ಬೇಕಾದದ್ದು ಕೆಲವೇ ಆಂಪಿಯರ್.

ಅಸಲಿ ಶತ್ರು ಏಪ್ರಿಲ್-ಮೇ

ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದಲ್ಲಿ 40 ಡಿಗ್ರಿ ಹೊಸದಲ್ಲ. ಅದು ನೆರಳಿನಲ್ಲಿ ಅಳೆದ ಲೆಕ್ಕ. ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನ ಮುಂದೆ ಬಿಸಿಲಿಗೆ ನಿಂತ ಬೈಕಿನ ಸೀಟಿನ ಕೆಳಗೆ, ಕಾದ ಎಂಜಿನ್ನಿನ ಪಕ್ಕದಲ್ಲಿ ಕೂತ ಬ್ಯಾಟರಿಯ ಪಾಲಿಗೆ ಅದಕ್ಕೂ ಹೆಚ್ಚು.

ರಸಾಯನಶಾಸ್ತ್ರದಲ್ಲಿ ಒಂದು ಒರಟು ಲೆಕ್ಕವಿದೆ: ಪ್ರತಿ ಹತ್ತು ಡಿಗ್ರಿ ಏರಿಕೆಗೆ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು. ಬ್ಯಾಟರಿಯಲ್ಲಿ ಬೇಡದ ಕ್ರಿಯೆಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ಫಲಕಗಳನ್ನು ಹಿಡಿದಿರುವ ಸೀಸದ ಜಾಲರಿ ಸವೆಯುತ್ತದೆ, ನೀರಿನ ಅಂಶ ಆರುತ್ತದೆ, ಉಪಯೋಗಿಸದಿದ್ದರೂ ಚಾರ್ಜ್ ತಾನಾಗಿ ಸೋರುತ್ತದೆ. 25 ಡಿಗ್ರಿಯಲ್ಲಿ ನಾಲ್ಕು ವರ್ಷ ಬಾಳುವಂಥ ಬ್ಯಾಟರಿ ಸದಾ 35ರಲ್ಲಿ ಇದ್ದರೆ ಎರಡು ವರ್ಷಕ್ಕೇ ಕೈಕೊಡಬಹುದು ಎಂಬುದು ಇದೇ ಲೆಕ್ಕದ ಅರ್ಥ.

ಈ ಸವೆತ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಆಗ ಆಯಿಲ್ ತೆಳ್ಳಗಿರುತ್ತದೆ, ಪೆಟ್ರೋಲ್ ಬೇಗ ಆವಿಯಾಗುತ್ತದೆ, ಅರ್ಧ ಸೋತ ಬ್ಯಾಟರಿಯೂ ಎಂಜಿನ್ನನ್ನು ತಿರುಗಿಸಿಬಿಡುತ್ತದೆ. ಮಳೆಗಾಲವೂ ಹೀಗೇ ಸಾಗುತ್ತದೆ. ಡಿಸೆಂಬರಿನಲ್ಲಿ ಒಂದು ಕಡೆ ಶಕ್ತಿ ಹತ್ತರಲ್ಲೊಂದು ಭಾಗ ಇಳಿದು, ಇನ್ನೊಂದು ಕಡೆ ಹೊರೆ ಅಷ್ಟೇ ಏರಿದಾಗ ಬಣ್ಣ ಬಯಲಾಗುತ್ತದೆ. ಹಾಗಾಗಿ ಹೆಸರು ಕೆಡುವುದು ಥಂಡಿಯದು.

ಬೈಕನ್ನು ಬೇವಿನ ಮರದ ಕೆಳಗೆ ನಿಲ್ಲಿಸುವ ಅಜ್ಜನ ಬುದ್ಧಿ ಬ್ಯಾಟರಿಯ ವಿಷಯದಲ್ಲಂತೂ ಸರಿಯಾಗಿಯೇ ಇದೆ.

ಊರಲ್ಲಿ ಬಿಟ್ಟುಹೋದ ಗಾಡಿ

ಈ ತಾಲ್ಲೂಕುಗಳಿಂದ ಬಹಳ ಮಂದಿ ಗೋವಾ, ಮಂಗಳೂರು, ಉಡುಪಿ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಗಾಡಿ ಊರಲ್ಲಿ, ತಗಡಿನ ಶೆಡ್ಡಿನಲ್ಲಿ. ಉಗಾದಿಗೋ ಜಾತ್ರೆಗೋ ಮರಳಿ ಬಂದು ಕೀಲಿ ತಿರುಗಿಸಿದರೆ ಮೀಟರಿನ ದೀಪವೂ ಹತ್ತುವುದಿಲ್ಲ. ‘ಯಾರೋ ತಗೊಂಡು ಓಡಿಸ್ಯಾರ’ ಎಂದು ಮನೆಯಲ್ಲಿ ಜಗಳವೂ ಆಗುತ್ತದೆ. ಯಾರೂ ಮುಟ್ಟದೇ ಇದ್ದರೂ ಹೀಗಾಗುತ್ತದೆ.

100-125 ಸಿಸಿ ಬೈಕುಗಳ ಬ್ಯಾಟರಿ ಬಹಳ ಚಿಕ್ಕದು, ಸಾಮಾನ್ಯವಾಗಿ 3ರಿಂದ 5 ಆಂಪಿಯರ್-ಅವರ್. ಕಾರಿನದು 35 ಅಥವಾ ಅದಕ್ಕೂ ಹೆಚ್ಚು. ಈಗ ಒಂದು ಲೆಕ್ಕ ಹಾಕಿ. ಕೀಲಿ ತೆಗೆದ ಮೇಲೂ ಮೀಟರಿನ ಗಡಿಯಾರ, ಕಳ್ಳತನ ತಡೆಯುವ ಅಲಾರಂ, ಜಿಪಿಎಸ್ ಟ್ರ್ಯಾಕರ್, ಬ್ಯಾಟರಿಗೆ ನೇರ ಜೋಡಿಸಿದ ಮೊಬೈಲ್ ಚಾರ್ಜರಿನ ಪುಟ್ಟ ನೀಲಿ ದೀಪ, ಇವೆಲ್ಲ ಸೇರಿ 5 ಮಿಲಿಆಂಪಿಯರ್ ಎಳೆಯುತ್ತವೆ ಎನ್ನಿ. ಒಂದು ಆಂಪಿಯರಿನ ಇನ್ನೂರರಲ್ಲೊಂದು ಭಾಗ, ಏನೂ ಅಲ್ಲ ಅನಿಸುತ್ತದೆ. ಆದರೆ ದಿನಕ್ಕೆ 24 ಗಂಟೆ ಎಂದರೆ 0.12 ಆಂಪಿಯರ್-ಅವರ್. ಮೂವತ್ತು ದಿನಕ್ಕೆ 3.6. ನಾಲ್ಕು ಆಂಪಿಯರ್-ಅವರಿನ ಬ್ಯಾಟರಿ ಒಂದೇ ತಿಂಗಳಲ್ಲಿ ಬರಿದು. ಜತೆಗೆ ತಾನಾಗಿ ಸೋರುವುದು ಬೇರೆ. ಅದು ಸಾಧಾರಣ ಹವೆಯಲ್ಲಿ ತಿಂಗಳಿಗೆ ಶೇಕಡಾ ಮೂರೋ ಐದೋ ಇರುವುದು, ಕಾದ ತಗಡಿನ ಕೆಳಗೆ ಅದರ ಮೂರು-ನಾಲ್ಕು ಪಟ್ಟು.

ಬರಿದಾದದ್ದಕ್ಕಿಂತ, ಬರಿದಾಗಿ *ಬಿದ್ದಿರುವುದು* ಹೆಚ್ಚು ಕೆಟ್ಟದ್ದು. ಫಲಕದ ಮೇಲೆ ಹೊಸದಾಗಿ ಕೂತ ಸಲ್ಫೇಟ್ ನಯವಾದ ಪುಡಿಯಂತಿರುತ್ತದೆ, ಚಾರ್ಜ್ ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಅದೇ ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ, ಡಬ್ಬಿಯಲ್ಲಿಟ್ಟ ಬೆಲ್ಲ ಕಲ್ಲಾದ ಹಾಗೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಪೂರ್ತಿ ಕರಗದು. ‘ಚಾರ್ಜಿಗೆ ಹಾಕಿದ್ವಿ, ಎರಡೇ ದಿನ ಬಂತು’ ಎನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ತಿಂಗಳಿಗೂ ಮೀರಿ ಊರು ಬಿಡುವವರು ಬ್ಯಾಟರಿಯ ತಂತಿ ಬಿಚ್ಚಿಟ್ಟು ಹೋಗಬೇಕು. ಮೊದಲು ಮೈನಸ್ (ಕಪ್ಪು), ಆಮೇಲೆ ಪ್ಲಸ್ (ಕೆಂಪು). ಜೋಡಿಸುವಾಗ ತಿರುವುಮುರುವು: ಮೊದಲು ಪ್ಲಸ್, ಕೊನೆಗೆ ಮೈನಸ್. ಈ ಕ್ರಮ ಶಾಸ್ತ್ರಕ್ಕಲ್ಲ. ಗಾಡಿಯ ಚಾಸಿಯೇ ಮೈನಸ್ ಆಗಿರುವುದರಿಂದ, ಅದು ಜೋಡಣೆಯಲ್ಲಿರುವಾಗ ಪ್ಲಸ್ ಬಿಚ್ಚುವ ಪಾನಾ ಚಾಸಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಬಿಚ್ಚಿದ ಬ್ಯಾಟರಿಯನ್ನು ಮನೆಯೊಳಗೆ ತಂಪಾದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಬಹುದು. ಪೂರ್ತಿ ಚಾರ್ಜ್ ಮಾಡಿಯೇ ಇಡಬೇಕು, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಚಾರ್ಜಿಗೆ ಹಾಕಿಸಬೇಕು.

ಹಿಮದ ದೇಶಗಳವರು ಗಾಡಿ ಮಲಗಿಸುವುದು ಚಳಿಗಾಲದಲ್ಲಿ. ಅವರ ಪಾಲಿಗೆ ಆ ಥಂಡಿ ಸೋರಿಕೆಯನ್ನು ತಗ್ಗಿಸುವ ಫ್ರಿಜ್ ಇದ್ದಂತೆ. ನಮ್ಮವರ ಗಾಡಿ ಕಡುಬೇಸಿಗೆಯಲ್ಲೂ ತಗಡಿನ ಕೆಳಗೆ ನಿಂತಿರುತ್ತದೆ. ಅಲ್ಲಿನ ‘ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು’ ಎಂಬ ಸಲಹೆ ಇಲ್ಲಿಗೆ ನಡೆಯದು.

‘ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ’: ಅರ್ಧ ನಿಜ

ಒಮ್ಮೆ ಸೆಲ್ಫ್ ಹೊಡೆದರೆ ಎಷ್ಟು ಖರ್ಚು? 50 ಆಂಪಿಯರ್, ಮೂರು ಸೆಕೆಂಡ್ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 0.04 ಆಂಪಿಯರ್-ಅವರ್. ಓಡುವಾಗ ಬ್ಯಾಟರಿಗೆ ಒಂದು ಆಂಪಿಯರ್ ಮಿಕ್ಕರೂ ಎರಡೂವರೆ ನಿಮಿಷದಲ್ಲಿ ಆ ಸಾಲ ತೀರುತ್ತದೆ. ಅಂದರೆ ಒಂದು ಸಲದ ಸ್ಟಾರ್ಟ್ ದುಬಾರಿಯೇನಲ್ಲ.

ತೊಂದರೆ ಇರುವುದು ‘ನಿಂತಲ್ಲೇ’ ಎಂಬಲ್ಲಿ. 1 ಏಪ್ರಿಲ್ 2017ರಿಂದ ದೇಶದಲ್ಲಿ ಮಾರುವ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಚಾಲೂ ಇರುವವರೆಗೂ ಉರಿಯುತ್ತದೆ, ಆರಿಸುವ ಸ್ವಿಚ್ಚೇ ಇಲ್ಲ. 35 ವ್ಯಾಟಿನ ಹ್ಯಾಲೋಜನ್ ಬಲ್ಬ್ ಎಂದರೆ ಸುಮಾರು 3 ಆಂಪಿಯರ್. ಫ್ಯುಯೆಲ್ ಪಂಪು, ಸ್ಪಾರ್ಕ್, ಹಿಂದಿನ ದೀಪ ಬೇರೆ. ಐಡಲಿಂಗಿನಲ್ಲಿ ಮ್ಯಾಗ್ನೆಟ್ ಕಾಯಿಲ್ ಹುಟ್ಟಿಸುವ ಕರೆಂಟ್ ಬಹುಪಾಲು ಇವುಗಳಿಗೇ ಹೋಗುತ್ತದೆ. ಬ್ಯಾಟರಿಗೆ ಮಿಗುವುದು ಚೂರುಪಾರು. ಜತೆಗೆ ಪೂರ್ತಿ ಕಾಯದ ಎಂಜಿನ್ನಿನಲ್ಲಿ, ಸೈಲೆನ್ಸರಿನಲ್ಲಿ ನೀರಿನ ಹನಿ ಕೂರುತ್ತದೆ. ತಿಂಗಳಲ್ಲಿ ಸೋರಿದ್ದು ಎರಡು ಆಂಪಿಯರ್-ಅವರ್ ಇದ್ದರೆ ಅದನ್ನು ತುಂಬಲು ರಸ್ತೆಯ ಮೇಲೆ ಎರಡು ಗಂಟೆಯಾದರೂ ಓಡಬೇಕು. ಜಮಖಂಡಿಯಿಂದ ಮುಧೋಳಕ್ಕೆ ಒಮ್ಮೆ ಹೋಗಿಬಂದರೂ ಸಾಲದಿರಬಹುದು. ಊರೊಳಗೆ ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡಿ, ಪ್ರತಿ ಸಲ ಅರ್ಧ ಕಿಲೋಮೀಟರ್ ಓಡಿಸುವ ಗಾಡಿಯ ಬ್ಯಾಟರಿ ಸದಾ ಹಸಿದಿರುವುದು ಇದೇ ಕಾರಣಕ್ಕೆ.

ಸ್ಟಾರ್ಟ್ ಆಗದಿದ್ದಾಗ ಸಿಟ್ಟಿಗೆ ಬಟನ್ ಒತ್ತಿ ಹಿಡಿಯುವುದು ಬೇರೆಯೇ ಕಥೆ. ಐದೈದು ಸೆಕೆಂಡಿನಂತೆ ಹತ್ತು ಸಲ ಒತ್ತಿದರೆ 0.7 ಆಂಪಿಯರ್-ಅವರ್ ಹೋಯಿತು, ಪುಟ್ಟ ಬ್ಯಾಟರಿಯ ಆರನೇ ಒಂದು ಭಾಗ. ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಹತ್ತು-ಹದಿನೈದು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ಅದಕ್ಕೂ ಮೊದಲು ಕೆಂಪು ಕಿಲ್ ಸ್ವಿಚ್ ಯಾವ ಕಡೆ ಇದೆ ನೋಡಿ. ನಗಬೇಡಿ, ಮಕ್ಕಳು ಗಾಡಿ ಹತ್ತಿ ಆಡುವ ಮನೆಗಳಲ್ಲಿ ಬಹಳ ‘ಬ್ಯಾಟರಿ ಸಮಸ್ಯೆ’ ಅಲ್ಲೇ ಮುಗಿಯುತ್ತದೆ.

ಮೊದಲು ಕಿಕ್ ಹೊಡೆದರೆ ಆಗುತ್ತಿತ್ತಲ್ಲ?

ಆಗುತ್ತಿತ್ತು. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಪೆಟ್ರೋಲ್ ತಾನಾಗಿ ಇಳಿದು ಬರುತ್ತಿತ್ತು, ಹಲವು ಮಾದರಿಗಳಲ್ಲಿ ಸ್ಪಾರ್ಕಿಗೆ ಬೇಕಾದ ಕರೆಂಟನ್ನು ಮ್ಯಾಗ್ನೆಟ್ಟೇ ಕೊಡುತ್ತಿತ್ತು. ಬ್ಯಾಟರಿ ಬಿಚ್ಚಿ ಮನೆಯಲ್ಲಿಟ್ಟರೂ ಗಾಡಿ ಓಡುತ್ತಿತ್ತು. ಚೋಕ್ ಎಳೆದು ನಾಲ್ಕು ಕಿಕ್, ಅಥವಾ ಚೇತಕ್ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಒಂದು ಕಿಕ್. ಅಪ್ಪಂದಿರ ತಲೆಮಾರಿನ ಅನುಭವ ಅದು, ಸುಳ್ಳಲ್ಲ.

1 ಏಪ್ರಿಲ್ 2020ರಿಂದ ಬಿಎಸ್-6 ನಿಯಮ ಬಂತು. ಹೊಗೆಯ ಮಿತಿ ಬಿಗಿಯಾದ್ದರಿಂದ ಕಾರ್ಬ್ಯುರೇಟರ್ ಹೋಗಿ ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್ ಬಂತು. ಈಗ ಪೆಟ್ರೋಲನ್ನು ಒತ್ತಡದಲ್ಲಿ ತಳ್ಳಲು ವಿದ್ಯುತ್ ಪಂಪು, ಎಷ್ಟು ಸಿಂಪಡಿಸಬೇಕೆಂದು ಲೆಕ್ಕ ಹಾಕಲು ಪುಟ್ಟ ಕಂಪ್ಯೂಟರ್, ಎರಡಕ್ಕೂ ಬ್ಯಾಟರಿ ಬೇಕು. ಥಂಡಿಯಲ್ಲಿ ಹೆಚ್ಚು ಪೆಟ್ರೋಲ್ ಬಿಡುವ ಚೋಕಿನ ಕೆಲಸವನ್ನೂ ಆ ಕಂಪ್ಯೂಟರೇ ಮಾಡುತ್ತದೆ. ಬ್ಯಾಟರಿ *ಸೋತಿದ್ದರೆ* ಕಿಕ್ ಅಥವಾ ತಳ್ಳಿ ಸ್ಟಾರ್ಟ್ ಮಾಡುವುದು ನಡೆಯಬಹುದು. *ಪೂರ್ತಿ ಸತ್ತಿದ್ದರೆ* ಸಾಮಾನ್ಯವಾಗಿ ನಡೆಯದು. ಹಲವು ಹೊಸ ಮಾದರಿಗಳಲ್ಲಿ ಕಿಕ್ಕರೇ ಇಲ್ಲ. ಕೀಲಿ ತಿರುಗಿಸಿದ ಮೇಲೆ ಟ್ಯಾಂಕಿನೊಳಗಿಂದ ಬರುವ ‘ಝೂಂ’ ಎಂಬ ಪಂಪಿನ ಸದ್ದು ನಿಲ್ಲುವವರೆಗೆ ಎರಡು ಸೆಕೆಂಡ್ ಕಾದು ಆಮೇಲೆ ಬಟನ್ ಒತ್ತುವುದು ಒಳ್ಳೆಯದು.

ಫಾರ್ವರ್ಡುಗಳ ಪಂಚನಾಮೆ

*ಸಿಮೆಂಟ್ ನೆಲ ಬ್ಯಾಟರಿಯ ಚಾರ್ಜ್ ಎಳೆಯುತ್ತದೆ.* ಸುಳ್ಳು, ಆದರೆ ಒಂದು ಕಾಲಕ್ಕೆ ನಿಜವಿತ್ತು. ನೂರು ವರ್ಷದ ಹಿಂದೆ ಬ್ಯಾಟರಿಯ ಪೆಟ್ಟಿಗೆ ಮರದ್ದೋ ಜಿನುಗುವ ಗಟ್ಟಿ ರಬ್ಬರಿನದ್ದೋ ಆಗಿರುತ್ತಿತ್ತು. ಹಸಿ ನೆಲದ ಮೇಲಿಟ್ಟರೆ ತೇವದ ಮೂಲಕ ಕರೆಂಟ್ ಸೋರುತ್ತಿತ್ತು. ಇಂದಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದಕ್ಕೆ ದಾರಿಯಿಲ್ಲ. ಮೇಲ್ಭಾಗದಲ್ಲಿ ಧೂಳು, ಆ್ಯಸಿಡ್ ತೇವ ಕೂತಿದ್ದರೆ ಎರಡು ತುದಿಗಳ ನಡುವೆ ಸ್ವಲ್ಪ ಸೋರಬಹುದು, ಒರೆಸಿಡಿ.

*ಆಸ್ಪಿರಿನ್ ಗುಳಿಗೆ ಹಾಕಿದರೆ ಬ್ಯಾಟರಿ ಎದ್ದೇಳುತ್ತದೆ.* ಅಪಾಯಕಾರಿ. ಆಸ್ಪಿರಿನ್ ಬ್ಯಾಟರಿಯ ಆಮ್ಲದಲ್ಲಿ ಒಡೆದು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಲ್ಲಿರುವ ಆಮ್ಲ, ಹುಟ್ಟುತ್ತದೆ. ಅದು ಸೀಸವನ್ನೇ ತಿನ್ನುತ್ತದೆ. ಒಮ್ಮೆ ಗಾಡಿ ಚಾಲೂ ಆಗಿಬಿಟ್ಟರೆ ಆ ಒಂದು ಸಲವೇ ವಿಡಿಯೋ ಆಗಿ ಹರಡುತ್ತದೆ. ಆಮೇಲೆ ಫಲಕ ಉದುರಿದ್ದನ್ನು ಯಾರೂ ಚಿತ್ರೀಕರಿಸುವುದಿಲ್ಲ. ಇನ್ನು ಈಗಿನ ಬಹುಪಾಲು ಬೈಕ್ ಬ್ಯಾಟರಿಗಳು ಸೀಲ್ ಆದಂಥವು. ಗುಳಿಗೆ ಹಾಕಲು ಮುಚ್ಚಳ ಕಿತ್ತರೆ ಅಲ್ಲೇ ಬ್ಯಾಟರಿ ಮುಗಿಯಿತು, ಆ್ಯಸಿಡ್ ಮುಖಕ್ಕೆ ಸಿಡಿಯುವ ಭಯ ಬೇರೆ. ಸಿಡಿದರೆ ಬೇರೇನೂ ಹಚ್ಚದೆ ಹರಿಯುವ ನೀರಿನಲ್ಲಿ ಕನಿಷ್ಠ 15-20 ನಿಮಿಷ ತೊಳೆದು, ಕಣ್ಣಿಗಾದರೆ ನೇರ ಆಸ್ಪತ್ರೆಗೆ ಹೋಗಬೇಕು.

*ನೀರು ಕಡಿಮೆಯಾದರೆ ಬೋರ್‌ವೆಲ್ ನೀರು ಹಾಕಿ.* ಮುಚ್ಚಳ ಇರುವ ಹಳೆಯ ಮಾದರಿಗೂ ಇದು ಬೇಡ. ನಮ್ಮ ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ, ಆ ಲವಣಗಳು, ಕಬ್ಬಿಣ, ಕ್ಲೋರೈಡ್ ಫಲಕಕ್ಕೆ ವಿಷ. ಡಿಸ್ಟಿಲ್ಡ್ ವಾಟರ್ ಮಾತ್ರ. ‘ಹೊಸ ಆ್ಯಸಿಡ್’ ಕೂಡ ಬೇಡ. ಆವಿಯಾಗಿ ಹೋಗುವುದು ನೀರು, ಆಮ್ಲ ಒಳಗೇ ಇರುತ್ತದೆ.

*ಟ್ರ್ಯಾಕ್ಟರ್ ಬ್ಯಾಟರಿಯಿಂದ ಜಂಪ್ ಕೊಡಿ.* 12 ವೋಲ್ಟಿನದ್ದಾದರೆ ಆಗುತ್ತದೆ, ಎಚ್ಚರ ಬೇಕು. ಬ್ಯಾಟರಿ ದೊಡ್ಡದೆಂದು ಹೆಚ್ಚು ಕರೆಂಟ್ ‘ನುಗ್ಗುವುದಿಲ್ಲ’, ಸೆಲ್ಫ್ ಮೋಟರ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಆದರೆ ಕರೆಂಟ್ ಕೊಡುವ ವಾಹನದ ಎಂಜಿನ್ ಬಂದ್ ಇರಲಿ, ಪ್ಲಸ್-ಮೈನಸ್ ಅದಲುಬದಲಾದರೆ ಕಂಪ್ಯೂಟರ್ ಸುಡುತ್ತದೆ, ಮತ್ತು ಲಾರಿಗಳಲ್ಲಿ ಹಲವು 24 ವೋಲ್ಟಿನವು, ಅವುಗಳ ಹತ್ತಿರವೂ ಹೋಗಬೇಡಿ. ಟ್ರ್ಯಾಕ್ಟರ್ ಬ್ಯಾಟರಿಗೆಂದು ಇಟ್ಟ ದೊಡ್ಡ *ಚಾರ್ಜರಿಗೆ* ಬೈಕ್ ಬ್ಯಾಟರಿ ಹಚ್ಚುವುದಂತೂ ಪೂರ್ತಿ ತಪ್ಪು. ಬ್ಯಾಟರಿಯ ಅಳತೆಯ ಹತ್ತನೇ ಒಂದು ಭಾಗದಷ್ಟು ಕರೆಂಟ್ ಸಾಕು: 4 ಆಂಪಿಯರ್-ಅವರ್ ಇದ್ದರೆ 0.4 ಆಂಪಿಯರ್, ರಾತ್ರಿಯಿಡೀ. ಹೆಚ್ಚು ಕೊಟ್ಟರೆ ಒಳಗಿನ ನೀರು ಒಡೆದು ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಸೇರಿದರೆ ಒಂದು ಬೀಡಿ ಕಿಡಿ ಸಾಕು.

*ಬಿಸಿಲಿಗೆ ಟ್ಯಾಂಕ್ ಫುಲ್ ಮಾಡಿಸಬೇಡಿ, ಸ್ಫೋಟವಾಗುತ್ತದೆ.* ಇಂಡಿಯನ್ ಆಯಿಲ್ ಹೆಸರಿನಲ್ಲಿ ಬಹಳ ವರ್ಷದಿಂದ ಓಡುತ್ತಿರುವ ಸಂದೇಶ. ಅದು ತಮ್ಮದಲ್ಲ, ಕಂಪನಿ ಸೂಚಿಸಿದ ಮಿತಿಯವರೆಗೆ ತುಂಬಿಸುವುದು ಸುರಕ್ಷಿತ ಎಂದು ಇಂಡಿಯನ್ ಆಯಿಲ್ ಸ್ಪಷ್ಟಪಡಿಸಿದೆ. ಗಾಡಿ ನಿಲ್ಲಿಸಿ ಹೋಗುವಾಗಲಂತೂ ಖಾಲಿ ಟ್ಯಾಂಕಿಗಿಂತ ತುಂಬಿದ್ದೇ ವಾಸಿ; ಖಾಲಿ ಜಾಗದ ಗಾಳಿಯ ತೇವ ರಾತ್ರಿ ಹನಿಯಾಗಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ.

ನಮ್ಮದೇ ಕಬ್ಬು, ನಮ್ಮದೇ ಟ್ಯಾಂಕು

‘ಎಥನಾಲ್ ಬಂದ ಮೇಲೆ ಥಂಡಿಗೆ ಗಾಡಿ ಎತ್ತುತ್ತಿಲ್ಲ’ ಎಂಬ ಮಾತಿಗೆ ಈ ಸೀಮೆಯಲ್ಲಿ ವಿಶೇಷ ತೂಕವಿದೆ. ಇಲ್ಲಿನ ಹೊಲದ ಕಬ್ಬೇ ಮುಧೋಳ, ಜಮಖಂಡಿ, ಸಮೀರವಾಡಿಯ ಕಾರ್ಖಾನೆಗಳಿಗೆ ಹೋಗುತ್ತದೆ, ಈ ಭಾಗದ ಕಾರ್ಖಾನೆಗಳು ಎಥನಾಲನ್ನೂ ತಯಾರಿಸುತ್ತವೆ. ಫೆಬ್ರವರಿ 2023ರಲ್ಲಿ ಬೆಂಗಳೂರಿನಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. 2025ರಲ್ಲಿ ದೇಶ ಆ ಗುರಿ ಮುಟ್ಟಿತು ಎಂದು ಕೇಂದ್ರ ಸರ್ಕಾರ ಹೇಳಿದೆ.

ಮಾತಿನಲ್ಲಿ ಹುರುಳಿದೆಯೇ? ಎಥನಾಲ್ ಕುದಿಯುವುದು 78 ಡಿಗ್ರಿಗೆ. ಪೆಟ್ರೋಲಿನಲ್ಲಿ ಅದಕ್ಕಿಂತ ಬಹಳ ಬೇಗ ಆವಿಯಾಗುವ ಹಗುರ ಅಂಶಗಳಿವೆ, ಥಂಡಿಯಲ್ಲಿ ಮೊದಲ ಕಿಡಿ ಹಿಡಿಯುವುದು ಅವೇ. ಎಥನಾಲಿನ ಪಾಲು ಬಹಳ ಹೆಚ್ಚಾದರೆ ಸ್ಟಾರ್ಟಿಂಗ್ ಕಷ್ಟ. ಅದಕ್ಕೇ ಪೂರ್ತಿ ಎಥನಾಲಿನಲ್ಲೂ ಓಡುವ ಬ್ರೆಜಿಲಿನ ಕಾರುಗಳಲ್ಲಿ ಚಳಿಯ ಬೆಳಿಗ್ಗೆಗೆಂದೇ ಪುಟ್ಟದೊಂದು ಪೆಟ್ರೋಲ್ ಟ್ಯಾಂಕ್ ಇಡುತ್ತಿದ್ದರು. ಆದರೆ ನಮ್ಮಲ್ಲಿ ಶೇಕಡಾ 80 ಪೆಟ್ರೋಲೇ ಇದೆ, ಥಂಡಿಯೂ 10 ಡಿಗ್ರಿಯದು. ಬರೀ ಎಥನಾಲಿನಿಂದ ಗಾಡಿ ಎತ್ತುತ್ತಿಲ್ಲ ಎನ್ನಲು ಇಷ್ಟು ಸಾಲದು. ಮೊದಲು ಬ್ಯಾಟರಿ, ಪ್ಲಗ್ ನೋಡಿಸಿ.

ಗಾಡಿ ತಿಂಗಳುಗಟ್ಟಲೆ ನಿಂತರೆ ಮಾತ್ರ ಎಥನಾಲಿನ ವಿಷಯ ಗಂಭೀರ. ಅದು ಗಾಳಿಯ ತೇವ ಹೀರುತ್ತದೆ. ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಂಡಿರುತ್ತದೆ, ಮಿತಿ ಮೀರಿದರೆ ನೀರು-ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ತಂಪಾದಷ್ಟೂ ಆ ಮಿತಿ ಕಡಿಮೆ. ಪಂಪು ಎಳೆಯುವುದು ತಳದಿಂದಲೇ. ಆಗ ಬ್ಯಾಟರಿ ಹೊಸದಿದ್ದರೂ, ಸೆಲ್ಫ್ ಚೆನ್ನಾಗಿ ತಿರುಗಿದರೂ ಎಂಜಿನ್ ಹತ್ತುವುದಿಲ್ಲ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರ್ ಸೀಳಿದ್ದರೆ ಇದು ಇನ್ನೂ ಬೇಗ. ಆಗಸ್ಟ್ 2019ರ ಪ್ರವಾಹದಂತೆ ನೀರಲ್ಲೇ ಮುಳುಗಿದ ಗಾಡಿಯದಾದರೆ ಕೀಲಿಯನ್ನೇ ಹಾಕಬೇಡಿ. ಮೈನಸ್ ತಂತಿ ಬಿಚ್ಚಿ, ಪೆಟ್ರೋಲ್, ಎಂಜಿನ್ ಆಯಿಲ್ ಎರಡನ್ನೂ ತೆಗೆಸಿದ ಮೇಲೆಯೇ ಮುಂದಿನ ಮಾತು.

ಹೊಸದು ಕೊಳ್ಳುವ ಮೊದಲು

ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಐದು ನಿಮಿಷದ ಕೆಲಸ. ಗ್ಯಾರೇಜಿನಲ್ಲಾದರೆ ನಿಮ್ಮೆದುರೇ ಅಳೆಯಲು ಹೇಳಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಬಹುತೇಕ ಖಾಲಿ. ಸೆಲ್ಫ್ ಒತ್ತಿದಾಗ 9.5-10ಕ್ಕಿಂತ ಕೆಳಗೆ ಕುಸಿದರೆ ಸೋತಿದೆ.

ಗಾಡಿ ಚಾಲೂ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಅಳೆಯುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ದುಡ್ಡು ಉಳಿಸುವ ಅಳತೆ ಅದೇ. 13.5ರಿಂದ 14.8ರ ನಡುವೆ ಬರಬೇಕು. 13ಕ್ಕಿಂತ ಕೆಳಗೇ ನಿಂತರೆ ಚಾರ್ಜಿಂಗ್ ಆಗುತ್ತಿಲ್ಲ: ಮ್ಯಾಗ್ನೆಟ್ ಕಾಯಿಲ್ ಅಥವಾ ಗ್ಯಾರೇಜಿನವರು ‘ಆರ್‌ಆರ್ ಯುನಿಟ್’ ಎನ್ನುವ ರೆಗ್ಯುಲೇಟರ್ ಕೆಟ್ಟಿದೆ. 15 ದಾಟಿದರೂ ಅದೇ ಯುನಿಟ್ಟಿನ ದೋಷ, ಬ್ಯಾಟರಿ ಒಳಗೇ ಕುದಿಯುತ್ತಿರುತ್ತದೆ. ಇದನ್ನು ನೋಡದೆ ವರ್ಷಕ್ಕೊಂದು ಬ್ಯಾಟರಿ ಬದಲಿಸುತ್ತಾ ‘ಈ ಕಂಪನಿಯದು ಸರಿ ಇಲ್ಲ’ ಎನ್ನುವವರಿದ್ದಾರೆ. ಇದಕ್ಕೂ ಮೊದಲು ಟರ್ಮಿನಲ್ ನೋಡಿ. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ. ಸಡಿಲ ನಟ್ಟೂ ಅದೇ ‘ಟಕ್ ಟಕ್’ ಸದ್ದು ಮಾಡುತ್ತದೆ.

ಕೊಳ್ಳಲೇಬೇಕಾದರೆ ತಯಾರಾದ ತಿಂಗಳು ಕೇಳಿ. ಒಂದಿಡೀ ಬೇಸಿಗೆ ಅಂಗಡಿಯ ಕಪಾಟಿನಲ್ಲಿ ಕಳೆದ ‘ಹೊಸ’ ಬ್ಯಾಟರಿ ಅಷ್ಟರಮಟ್ಟಿಗೆ ಹಳೆಯದೇ.

ಹಳೆಯದನ್ನು ಮೂಲೆಯಲ್ಲಿ ಬಿಡಬೇಡಿ, ಒಡೆದು ಸೀಸ ತೆಗೆಯುವವರಿಗೂ ಕೊಡಬೇಡಿ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಆತಂಕದ ಮಟ್ಟದಲ್ಲಿದೆ, ಅಂದರೆ ಪ್ರತಿ ಮೂವರಲ್ಲಿ ಒಬ್ಬರು. ಮನೆಯಂಗಳದಲ್ಲಿ ಬ್ಯಾಟರಿ ಒಡೆದು ಕರಗಿಸುವುದು ಅದಕ್ಕೆ ದೊಡ್ಡ ಕಾರಣಗಳಲ್ಲೊಂದು. ಆ ಮಣ್ಣಿನಲ್ಲಿ ಆಡುವ ಮಗುವಿನ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಕಡಿತವೂ ಸಿಗುತ್ತದೆ. ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ.